ಬೇಲಿಯಲ್ಲೊಂದು ತಡಬೆ

ಮುಂಬಯಿಯಲ್ಲಿ ನಡೆಯುವುದೆಂದರೆ ಸ್ಟೇಶನ್ನಿಗೆ ನಡೆಯುವುದು. ಮನೆಯಿಂದ ಡೊಂಬಿವಲಿ ಸ್ಟೇಶನ್ನಿಗೆ ಹನ್ನೆರಡು ನಿಮಿಷ. ಪರೇಲಿನಲ್ಲಿ ಇಳಿದು, ಎಲ್ಫಿನ್‌ಸ್ಟನ್ ರೋಡಿನ ಸೇತುವೆ ದಾಟಿ ಬ್ಯಾಂಕಿಗೆ ಹದಿನಾಲ್ಕು ನಿಮಿಷ. ಸಂಜೆ ಇದರದೇ ಉಲ್ಟಾ. ನಡುವೆ ನಿಂತು ಆಕಾಶ ನೋಡುವಂತಿಲ್ಲ. ಹಿಂದಿನವನು ಬೆನ್ನಿಗೆ ಬಂದು ಡಿಕ್ಕಿ ಹೊಡೆಯುತ್ತಾನೆ, ತಪ್ಪು ಅವನದೂ ಅಲ್ಲ. 2017ರ ಸೆಪ್ಟೆಂಬರಿನಲ್ಲಿ ಅದೇ ಸೇತುವೆಯ ಮೇಲೆ ನೂಕುನುಗ್ಗಲಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರೂ ಸುಮ್ಮನೆ ನಡೆದು ಹೋಗುತ್ತಿದ್ದವರೇ. ದಸರಾ ರಜೆ ಮುಗಿದ ಮೇಲೆ ನಾನೂ ಮತ್ತೆ ಅಲ್ಲಿಯೇ ಓಡಾಡಿದೆ.

ಆ ಸ್ಟೇಶನ್ನಿಗೆ 2018ರಲ್ಲಿ ಪ್ರಭಾದೇವಿ ಎಂದು ಹೆಸರು ಬದಲಾಯಿತು. ಮೊದಲು ಹೆಸರು ಕೊಟ್ಟಿದ್ದ ಲಾರ್ಡ್ ಎಲ್ಫಿನ್‌ಸ್ಟನ್ 1853ರಿಂದ 1860ರವರೆಗೆ ಮುಂಬಯಿಯ ಗವರ್ನರ್ ಆಗಿದ್ದವನು, ಸ್ಕಾಟ್ಲೆಂಡಿನ ಮನೆತನದವನು. ಇಷ್ಟು ವರ್ಷ ಅವನ ಹೆಸರಿನ ಸೇತುವೆ ತುಳಿದವನು ಅವನ ನಾಡಿನ ನೆಲ ತುಳಿದದ್ದು 2023ರ ಮೇ ತಿಂಗಳಲ್ಲಿ, ನಿವೃತ್ತನಾಗಿ ಮೂರು ವರ್ಷಕ್ಕೆ.

ಮಗಳು 2019ರಲ್ಲಿ ಓದಲಿಕ್ಕೆಂದು ಗ್ಲಾಸ್ಗೋಗೆ ಹೋದವಳು, ಅಲ್ಲಿಯೇ ಕೆಲಸಕ್ಕೆ ಸೇರಿದಳು. ನಾನೂ ನನ್ನ ಹೆಂಡತಿಯೂ ಆರು ವಾರ ಇರಲಿಕ್ಕೆಂದು ಹೋಗಿದ್ದೆವು. ಒಂದು ಶನಿವಾರ ಮಗಳು, "ಅಪ್ಪಾ, ನಾಳೆ ಗುಡ್ಡಕ್ಕೆ ಹೋಗೋಣ್ವಾ? ನಡೆಯೋದಷ್ಟೇ, ಬೇರೇನಿಲ್ಲ" ಅಂದಳು. ನಡೆಯಲಿಕ್ಕೋಸ್ಕರವೇ ನಡೆಯುವುದು ಎಂಬುದು ನನಗೆ ಸ್ವಲ್ಪ ತಮಾಷೆ ಅನ್ನಿಸಿತು. ಹೆಂಡತಿಗೆ ಮಂಡಿನೋವು. ಅವಳು ಬರಲಿಲ್ಲ, ಮೊಸರನ್ನದ ಡಬ್ಬಿ, ಮೇಲೊಂದು ಪುಟ್ಟ ಬಾಟಲಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟಳು.

ಗ್ಲಾಸ್ಗೋದಿಂದ ಬಡಗು ದಿಕ್ಕಿಗೆ ಕಾರಿನಲ್ಲಿ ಒಂದು ಗಂಟೆಯ ಮೇಲೆ ಹೋದರೆ ಕ್ಯಾಲಂಡರ್. ಗೋಡೆಗೆ ನೇತುಹಾಕುವ ಕ್ಯಾಲೆಂಡರ್ ಅಲ್ಲ, ಊರಿನ ಹೆಸರೇ ಹಾಗೆ. ನಮ್ಮ ಶಿವಮೊಗ್ಗದಿಂದ ಸಾಗರದ ಕಡೆ ಹೊರಟರೆ ಬಯಲು ಮುಗಿದು ಮಲೆನಾಡು ಶುರುವಾಗುವುದು ಗಾಳಿಯಲ್ಲೇ ಗೊತ್ತಾಗುತ್ತದಲ್ಲ, ಇಲ್ಲಿಯೂ ಹಾಗೆಯೇ. ಹೈಲ್ಯಾಂಡ್ ಬೌಂಡರಿ ಫಾಲ್ಟ್ ಎಂದು ಭೂಗರ್ಭಶಾಸ್ತ್ರದವರು ಹೇಳುವ ದೊಡ್ಡ ಬಿರುಕು ಈ ಊರಿನ ಬಳಿಯೇ ಹಾದುಹೋಗುತ್ತದೆ. ತೆಂಕಣಕ್ಕೆ ಮಟ್ಟಸವಾದ ಹೊಲ, ಹುಲ್ಲುಗಾವಲು. ಬಡಗಣಕ್ಕೆ ಒಮ್ಮೆಲೇ ಗುಡ್ಡ. ಎದುರಿಗೆ 879 ಮೀಟರಿನ ಬೆನ್ ಲೆಡಿ. ಎತ್ತರ ನಮ್ಮ ಕೊಡಚಾದ್ರಿಗಿಂತ ಕಡಿಮೆ. ಆದರೆ ಮರವಿಲ್ಲದ ಬೋಳು ನೆತ್ತಿಯಾದ್ದರಿಂದ ದೊಡ್ಡದಾಗಿ ಕಾಣುತ್ತದೆ.

ಊರು ದಾಟಿದ ಕೂಡಲೇ ಬಲಕ್ಕೆ ಲೆನಿ ಎಂಬ ಎಸ್ಟೇಟು. ಅಲ್ಲಿ ಸ್ವಲ್ಪ ಕಾರು ನಿಲ್ಲಿಸು ಅಂತ ಮಗಳಿಗೆ ಮೊದಲೇ ಹೇಳಿಟ್ಟಿದ್ದೆ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಮನೆತನದ ಆಸ್ತಿ ಅದು. ಟಿಪ್ಪು ಸುಲ್ತಾನ ಬಿದ್ದ ಮರುವರ್ಷ, 1800ರ ಏಪ್ರಿಲಿನಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ ಮನುಷ್ಯ. ಯಾವ ಊರಲ್ಲಿ ಯಾವ ಮಣ್ಣು, ರಾಗಿ ಹೇಗೆ ಬಿತ್ತುತ್ತಾರೆ, ನೇಗಿಲು ಎಂಥದು, ಅಡಿಕೆ ತೋಟಕ್ಕೆ ಗೊಬ್ಬರ ಏನು, ಕಂದಾಯ ಎಷ್ಟು, ಎಲ್ಲ ಕೇಳಿದ. 1801ರಲ್ಲಿ ಬನವಾಸಿ, ಇಕ್ಕೇರಿ, ನಗರದ ಕಡೆಗೂ ಬಂದ. ಮೂರು ಸಂಪುಟಗಳ ಆ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಕಡೆಯ ಇತಿಹಾಸ ಬರೆಯುವವರು ಇವತ್ತಿಗೂ ಅದನ್ನು ತೆಗೆದು ನೋಡುತ್ತಾರೆ. ಕಂಪನಿಯ ಚಾಕರಿ ಮುಗಿಸಿ ಅವನು ತನ್ನೂರಿಗೇ ವಾಪಸು ಬಂದ, ತಾಯಿಯ ಕಡೆಯ ಆಸ್ತಿಗಾಗಿ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ, 1829ರಲ್ಲಿ ತೀರಿಕೊಂಡ.

"ಅವನು ನಿಮ್ಮೂರಿಗೂ ಬಂದಿದ್ನಾ ಅಪ್ಪಾ?" ಎಂದು ಮಗಳು ಕೇಳಿದಳು.

"ಹತ್ತಿರದಲ್ಲಿ ಹಾದು ಹೋದ. ಬಂದಿದ್ದರೆ ನಮ್ಮೂರಿನ ಹೆಸರಾದರೂ ಅಚ್ಚಾಗಿರುತ್ತಿತ್ತು" ಅಂದೆ.

ನಮ್ಮೂರಿನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಹೊಸನಗರ ತಾಲೂಕಿನಲ್ಲಿ ಶರಾವತಿಯ ದಡದ ಮೇಲೆ ಹನ್ನೊಂದು ಮನೆಯ ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದಾಗ ನೀರಿನಡಿಗೆ ಹೋಯಿತು. ಆಗ ನನಗೆ ನಾಲ್ಕು ವರ್ಷ. ಅಪ್ಪಯ್ಯ ಹಂಚು, ಬಾಗಿಲು, ಜಂತಿ ಎಲ್ಲ ಕಿತ್ತು ಲಾರಿಗೆ ಹೇರಿ, ಆನಂದಪುರದ ಹತ್ತಿರ ಕೊಟ್ಟ ಜಾಗದಲ್ಲಿ ಮತ್ತೊಮ್ಮೆ ಮನೆ ಕಟ್ಟಿದ. ನಮ್ಮ ಕಡೆ ಇದಕ್ಕೆ 'ಮುಳುಗಡೆ' ಎಂಬ ಒಂದೇ ಶಬ್ದ. ಮುಳುಗಡೆಗೆ ಮೊದಲು, ಮುಳುಗಡೆ ಆದ ಮೇಲೆ ಎಂದೇ ಮನೆಯ ಹಿರಿಯರು ವರ್ಷ ಎಣಿಸುತ್ತಿದ್ದರು. ಮಳೆಗಾಲದಲ್ಲಿ ನೀವು ಪೇಪರಿನಲ್ಲಿ 1819 ಅಡಿಯ ಲೆಕ್ಕ ಓದುತ್ತೀರಲ್ಲ, ಇಂದಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು ಅಂತ, ಅದನ್ನು ನಾನು ಡೊಂಬಿವಲಿಯಲ್ಲಿ ಕೂತು ಈಗಲೂ ತಪ್ಪದೆ ಓದುತ್ತೇನೆ.

ಕಿಲ್ಮಹಾಗ್ ಎಂಬಲ್ಲಿ ಎಡಕ್ಕೆ ತಿರುಗಿ, ವೆನಾಕರ್ ಸರೋವರದ ಅಂಚಿನಲ್ಲೇ ಹೋಗಿ ಬ್ರಿಗ್ ಓ' ಟರ್ಕ್ ಎಂಬ ಹಳ್ಳಿಯಲ್ಲಿ ಕಾರು ನಿಲ್ಲಿಸಿದೆವು. ಟರ್ಕಿ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಹಂದಿಯ ಸೇತುವೆ ಎಂದು ಅವರ ಹಳೆಯ ಗೇಲಿಕ್ ಭಾಷೆಯ ಅರ್ಥವಂತೆ. ಅಲ್ಲಿಂದ ಗ್ಲೆನ್ ಫಿಂಗ್ಲಸ್ ಎಂಬ ಕಣಿವೆಗೆ ಕಾಲುದಾರಿ. ಮಗಳು ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಲು ಹೇಳಿದಳು. ಇಲ್ಲಿ ಉಂಬಳ ಇಲ್ಲ, ಉಣುಗು ಉಂಟು. ಜರಿಗಿಡದ ಪೊದೆಯಲ್ಲಿ ಕೂತಿದ್ದು ಕಾಲಿಗೆ ಹತ್ತುತ್ತದೆ.

ಓಕ್ ಮರಗಳ ಅಡಿಯಲ್ಲಿ ನೀಲಿ ಹೂ ಹಾಸಿದಂತೆ ಬಿದ್ದಿತ್ತು. ಬಿಸಿಲಿನ ಬದಿಯಲ್ಲಿ ಗಾರ್ಸ್ ಎಂಬ ಮುಳ್ಳುಪೊದೆಯ ತುಂಬ ಹಳದಿ ಹೂ. ಮೂಗು ಹತ್ತಿರ ಹಿಡಿದರೆ ಥೇಟ್ ತೆಂಗಿನಕಾಯಿಯ ವಾಸನೆ. ಕಾಯಿತುರಿ ಹುರಿಯುವ ಅಡಿಗೆಮನೆ ನೆನಪಾಯಿತು. ಎಲ್ಲೋ ಕೋಗಿಲೆ ಕೂಗಿತು. ನಮ್ಮ ಕೋಗಿಲೆಯ ಹಾಗೆ ಏರುತ್ತ ಹೋಗುವ ಕೂಗಲ್ಲ. ಇದು ಗಡಿಯಾರದ ಗೊಂಬೆಹಕ್ಕಿ ಕೂಗಿದ ಹಾಗೆ ಎರಡೇ ಸ್ವರ. ಅಲ್ಲ, ಗಡಿಯಾರದವರು ಇದನ್ನು ಕೇಳಿಯೇ ಮಾಡಿದ್ದು.

ಸ್ವಲ್ಪ ಮೇಲೆ ಹೋದರೆ ಕಲ್ಲಿನ ಗೋಡೆ ಅಡ್ಡ ಬಂತು. ಗಾರೆ ಇಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಎದೆಮಟ್ಟದ ಆ ಗೋಡೆ ಗುಡ್ಡ ಹತ್ತಿ, ಇಳಿದು, ಕಣ್ಣಿಗೆ ಕಾಣುವಷ್ಟು ದೂರ ಹೋಗಿದೆ. ದಾಟುವುದು ಹೇಗಪ್ಪಾ ಅಂತ ನೋಡಿದರೆ, ಅಲ್ಲಿತ್ತು ತಡಬೆ!

ತಡಬೆ ಅಂದರೆ ಬಯಲುಸೀಮೆಯವರಿಗೆ ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ತೋಟದ ಬೇಲಿಗೋ ಪಾಗಾರಕ್ಕೋ ಒಂದು ಕಡೆ ಮೆಟ್ಟಿಲಿನ ಹಾಗೆ ಕಲ್ಲನ್ನೋ ಹಲಗೆಯನ್ನೋ ಇಟ್ಟಿರುತ್ತಾರೆ. ಮನುಷ್ಯ ಕಾಲೆತ್ತಿ ದಾಟಬಹುದು, ದನಕ್ಕೆ ಆಗುವುದಿಲ್ಲ. ಗಾಡಿ ಹೋಗುವ ಜಾಗವಾದರೆ ಸರಿಸಿ ತೆಗೆಯುವ ಉಣುಗೋಲು. ಅದೇ ತಡಬೆ, ಸುಮಾರು ಎಂಟು ಸಾವಿರ ಕಿಲೋಮೀಟರು ದೂರದಲ್ಲಿ! ಇಬ್ಬರೂ ಒಂದೇ ದನದ ಕಾಟಕ್ಕೆ ಒಂದೇ ಉಪಾಯ ಕಂಡುಹಿಡಿದಿದ್ದೇವೆ. ಮಗಳಿಗೆ ಆ ಶಬ್ದ ಹೇಳಿಕೊಟ್ಟೆ. "ತಡಬೆ, ತಡಬೆ" ಎಂದು ಎರಡು ಸಲ ಅಂದುಕೊಂಡಳು. ಮುಂಬಯಿಯ ಕನ್ನಡ ಶಾಲೆಯ ಪಾಠದಲ್ಲೂ ಇರದ ಶಬ್ದ ಅದು.

"ಇದು ಯಾರ ಜಾಗ? ನಾವು ಹೀಗೆ ನುಗ್ಗಿದರೆ ಯಾರೂ ಬೈಯೋದಿಲ್ವಾ?" ಎಂದು ಕೇಳಿದೆ.

ಬೈಯುವಂತಿಲ್ಲವಂತೆ. ನಮ್ಮ ಸಾಗರದ ಕಡೆ ಭೂಸುಧಾರಣೆ ಅಂದರೆ 1951ರ ಕಾಗೋಡು ಸತ್ಯಾಗ್ರಹ, 1974ರ ಕಾಯಿದೆ, ಉಳುವವನಿಗೆ ಹೊಲ. ಸ್ಕಾಟ್ಲೆಂಡಿನಲ್ಲಿ ಇವತ್ತಿಗೂ ಖಾಸಗಿ ಜಮೀನಿನ ದೊಡ್ಡ ಪಾಲು ಕೆಲವೇ ನೂರು ಒಡೆಯರ ಕೈಯಲ್ಲಿದೆ. ಆದರೆ 2003ರಲ್ಲಿ ಅವರ ಪಾರ್ಲಿಮೆಂಟು ಮಾಡಿದ ಭೂಸುಧಾರಣಾ ಕಾಯಿದೆ, ಗುಡ್ಡ, ಕಾಡು, ಹುಲ್ಲುಗಾವಲುಗಳಲ್ಲಿ ಯಾರು ಬೇಕಾದರೂ ನಡೆದಾಡುವ ಹಕ್ಕನ್ನು ಕೊಟ್ಟಿದೆ, 2005ರಿಂದ ಜಾರಿಯಲ್ಲಿದೆ. ಕೆಲವು ಕಟ್ಟಳೆ ಉಂಟು. ಪೈರು ತುಳಿಯಬಾರದು, ಬದುವಿನ ಮೇಲೆ ನಡೆಯಬೇಕು. ಮನೆಯಂಗಳಕ್ಕೆ ನುಗ್ಗಬಾರದು. ತೆಗೆದ ಗೇಟು ಮುಚ್ಚಬೇಕು. ಕುರಿ ಮರಿ ಹಾಕುವ ಕಾಲದಲ್ಲಿ ನಾಯಿಯನ್ನು ಬಿಡಬಾರದು. ಜಾಗ ಒಡೆಯನದೇ, ದಾರಿ ಮಾತ್ರ ಎಲ್ಲರದು.

ಇದನ್ನು ಕೇಳಿ ನನಗೆ ಆನಂದಪುರದ ತಮ್ಮನ ನೆನಪಾಯಿತು. ನಾನು ಹೊರಡುವ ಹಿಂದಿನ ವಾರವಷ್ಟೇ ಅವನು ಫೋನು ಮಾಡಿದ್ದ. "ಅಣ್ಣಯ್ಯ, ಸುತ್ತ ಕಲ್ಲುಕಂಬ ನಿಲ್ಲಿಸಿ ತಂತಿ ಎಳೆಸ್ತಿದೀನಿ. ಹಂದಿ, ದನ ಎರಡರ ಕಾಟ. ಅರ್ಧ ಖರ್ಚು ನಿಂದು." ತಪ್ಪೇನಿಲ್ಲ, ನಾನೂ ಒಪ್ಪಿದ್ದೆ. ಆದರೆ ಆ ಜಾಗದ ನಡುವೆ ಹಳ್ಳಕ್ಕೆ ಹೋಗುವ ಒಂದು ಕಾಲುದಾರಿ ಇತ್ತು. ಆಚೆ ಕೇರಿಯ ಹೆಂಗಸರು ದರಕು ಗುಡಿಸಲು ಅಲ್ಲೇ ಓಡಾಡುತ್ತಿದ್ದರು. ಅದರ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದೆ ಒಬ್ಬ ಕುರಿಗಾರ ಸಿಕ್ಕಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಅಂದುಕೊಂಡೀರಿ. ನಾಲ್ಕು ಚಕ್ರದ ಮೋಟಾರ್ ಬೈಕು, ಹಿಂದೆ ಕಪ್ಪುಬಿಳುಪು ನಾಯಿ. ಅವನು ಒಂದು ಸಿಳ್ಳೆ ಹಾಕಿದರೆ ನಾಯಿ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಕರಿಮೂತಿಯ ಕುರಿಗಳು ಮರಿಗಳನ್ನು ಕಟ್ಟಿಕೊಂಡು ಗುಂಪಾಗಿ ಇಳಿದವು. ನಮ್ಮನ್ನು ನೋಡಿ ಬೈಕು ನಿಲ್ಲಿಸಿ, ಗೇಟು ಹಾಕಿದ್ರಾ ಎಂದು ಮೊದಲು ಕೇಳಿದ, ಆಮೇಲೆ ಎಲ್ಲಿಯವರು ಎಂದು. ಮುಂಬಯಿ ಅಂದೆ. ನಾನೊಂದು ಸಲ ಹೇಳಿದೆ, ಅವನೊಂದು ಸಲ ಹೇಳಿದ, ಅವನ ಇಂಗ್ಲಿಷಿನ ಅರ್ಧ ನನಗೆ ತಿಳಿಯಲಿಲ್ಲ, ಮಗಳು ನಡುವೆ ದುಭಾಷಿಯಾದಳು. ಅಣೆಕಟ್ಟಿಗೆ ಇನ್ನೆಷ್ಟು ದೂರ ಎಂದು ಹೇಳಿದ. ಮಕ್ಕಳೆಷ್ಟು ಎಂದು ನಾನು ನಮ್ಮ ಪದ್ಧತಿಯಂತೆ ಕೇಳಿಯೇ ಬಿಟ್ಟೆ. ಒಬ್ಬ ಮಗ, ಪರ್ತ್‌ನಲ್ಲಿದ್ದಾನೆ ಎಂದ.

"ಹಾಗಾದರೆ ಹತ್ತಿರವೇ ಆಯಿತಲ್ಲ" ಅಂದೆ. ದಾರಿಯ ಬೋರ್ಡಿನಲ್ಲಿ ಪರ್ತ್ ಎಂದು ನೋಡಿದ್ದೆ.

ಅವನು ನಕ್ಕ. "ಈ ಪರ್ತ್ ಅಲ್ಲ, ಆಸ್ಟ್ರೇಲಿಯದ್ದು."

ಊರು ಬಿಟ್ಟವರು ಊರಿನ ಹೆಸರನ್ನೂ ಗಂಟು ಕಟ್ಟಿಕೊಂಡು ಹೋಗುತ್ತಾರೆ. 1829ರಲ್ಲಿ ಆಸ್ಟ್ರೇಲಿಯದ ಪಡುವಣ ಕರಾವಳಿಯಲ್ಲಿ ಇಂಗ್ಲಿಷರು ಕಟ್ಟಿದ ಊರಿಗೆ ಸ್ಕಾಟ್ಲೆಂಡಿನ ಪರ್ತಿನ ಹೆಸರೇ ಬಿತ್ತು. ನಮ್ಮ ಮುಳುಗಡೆಯ ಜನವೂ ಹೊಸ ಜಾಗದ ಕೇರಿಗೆ ಮುಳುಗಿದ ಊರಿನ ಹೆಸರನ್ನೇ ಇಟ್ಟುಕೊಂಡರು. ಹೆಸರೊಂದಕ್ಕೆ ಲಾರಿ ಬಾಡಿಗೆ ಇಲ್ಲ.

ಕಣಿವೆಯ ಒಳಗೆ ಹೋದಂತೆ ಅಲ್ಲಲ್ಲಿ ಹಳೆಯ ಕಲ್ಲಿನ ಪಾಯ, ಮೊಣಕಾಲೆತ್ತರದ ಗೋಡೆ. ಸೂರಿಲ್ಲ, ಒಳಗೆಲ್ಲ ಹುಲ್ಲು. ಬೇಸಿಗೆಯಲ್ಲಿ ಹೆಂಗಸರು ಮಕ್ಕಳು ದನ ಹೊಡೆದುಕೊಂಡು ಗುಡ್ಡಕ್ಕೆ ಬಂದು, ಹಾಲು ಕರೆದು, ಬೆಣ್ಣೆ ತೆಗೆದು ಇರುತ್ತಿದ್ದ ಗುಡಿಸಲುಗಳು ಇಂಥವು. ಹದಿನೆಂಟನೆಯ ಶತಮಾನದ ಕೊನೆಯಿಂದ ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಒಡೆಯರು ಗೇಣಿ ಜನರನ್ನು ಎಬ್ಬಿಸಿ ಕುರಿಗಳನ್ನು ತಂದು ಬಿಟ್ಟರು. ಉಣ್ಣೆಗೆ ಬೆಲೆ ಬಂದಿತ್ತು. 1792ನ್ನು ಅಲ್ಲಿನವರು ಕುರಿಗಳ ವರ್ಷ ಎಂದೇ ಕರೆಯುತ್ತಾರೆ. ಎಲ್ಲ ಕಡೆ ಒಂದೇ ಥರ ಆಗಲಿಲ್ಲ. ಕೆಲವು ಕಡೆ ಮಾಡಿಗೆ ಬೆಂಕಿ ಇಟ್ಟು ಓಡಿಸಿದರು, ಕೆಲವು ಕಡೆ ಗೇಣಿ ಏರಿಸಿದರೇ ಸಾಕಾಯಿತು. ಹೋದವರಲ್ಲಿ ಕೆಲವರು ಗ್ಲಾಸ್ಗೋದ ಗಿರಣಿಗೆ, ಕೆಲವರು ಹಡಗು ಹತ್ತಿ ಕೆನಡಾಕ್ಕೆ.

ಫೋಟೋ ತೆಗೆಯುವವರಿಗೆ ಈ ಗುಡ್ಡಗಳು ಸ್ವರ್ಗ. ಮನುಷ್ಯರೇ ಇಲ್ಲ, ಎಷ್ಟು ಶಾಂತ ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ನಾಲ್ಕು ಫೋಟೋ ತೆಗೆದಿದ್ದೆ. ಆ ಪಾಯಗಳನ್ನು ನೋಡಿದ ಮೇಲೆ, ಶಾಂತ ಇದ್ದದ್ದಲ್ಲ, ಆದದ್ದು ಎಂದು ತಿಳಿಯಿತು. ಲಿಂಗನಮಕ್ಕಿಯ ಹಿನ್ನೀರಿಗೆ ಬೆಂಗಳೂರಿನಿಂದ ಬರುವ ಪ್ರವಾಸಿಗಳೂ ನೀರು, ನಡುಗಡ್ಡೆ, ಸೂರ್ಯಾಸ್ತ ನೋಡಿ ಎಷ್ಟು ಚೆಂದ ಎನ್ನುತ್ತಾರೆ. ಚೆಂದವೇ. ಅಪ್ಪಯ್ಯನೂ ಅದನ್ನು ಚೆಂದ ಅಲ್ಲ ಎಂದವನಲ್ಲ. ಬೇಸಿಗೆಗೊಮ್ಮೆ ಹೋಗಿ ದಡದಲ್ಲಿ ಕೂತು, "ಅಗೋ ಅಲ್ಲಿ ನಮ್ಮ ಕೊಟ್ಟಿಗೆ, ಅದರ ಈಚೆಗೆ ಮಿಡಿಮಾವಿನ ಮರ" ಎಂದು ಬರೀ ನೀರಿನ ಕಡೆಗೆ ಬೆರಳು ತೋರಿಸುತ್ತಿದ್ದ. ನೀರು ತೀರ ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ಎದ್ದು ಕಾಣುತ್ತದೆ. ಒಂದು ಅಣೆಕಟ್ಟು ಇನ್ನೊಂದರ ಹಿನ್ನೀರಿನಲ್ಲಿ ಮುಳುಗಿದ್ದು. ನಮ್ಮ ಕೊಟ್ಟಿಗೆ ಮಾತ್ರ ಯಾವ ವರ್ಷವೂ ಏಳಲಿಲ್ಲ.

ಇಷ್ಟು ಯೋಚಿಸುವ ಹೊತ್ತಿಗೆ ಎದುರಿಗೇ ಅಣೆಕಟ್ಟು ಬಂತು. ಗ್ಲೆನ್ ಫಿಂಗ್ಲಸ್‌ನ ಕಣಿವೆಗೆ ಅಡ್ಡ ಕಟ್ಟಿದ್ದು, 1965ರಲ್ಲಿ ಮುಗಿದದ್ದು. ನಮ್ಮದಕ್ಕಿಂತ ಒಂದೇ ವರ್ಷ ಕಿರಿದು! ಗಾತ್ರದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ, ಇದು ಲಿಂಗನಮಕ್ಕಿಯ ಒಂದು ಮೂಲೆಗೆ ಸಾಲದು. ನಮ್ಮ ನೀರು ಬೆಂಗಳೂರಿಗೆ ದೀಪ ಹೊತ್ತಿಸಲು ಹೋಯಿತು, ಇಲ್ಲಿಯ ನೀರು ಗ್ಲಾಸ್ಗೋಗೆ ಕುಡಿಯಲು. ಪಕ್ಕದ ಕಣಿವೆಯ ಕ್ಯಾಟ್ರಿನ್ ಸರೋವರದ ನೀರನ್ನು ಅವರು 1859ರಿಂದಲೇ ಕುಡಿಯುತ್ತಿದ್ದಾರೆ. ಮಗಳ ಮನೆಯ ನಲ್ಲಿಯಲ್ಲಿ ಬರುವುದು ಈ ಕಡೆಯ ನೀರೇ. ಎಲ್ಲ ಪಟ್ಟಣಕ್ಕೂ ಎಲ್ಲೋ ಒಂದು ಕಣಿವೆ ಬೇಕು. ಭಾತ್ಸಾ, ತಾನ್ಸಾ ಎಂದು ನಾವು ಮುಂಬಯಿಯವರೂ ಯಾರದೋ ಕಣಿವೆಯ ನೀರನ್ನೇ ಕುಡಿದಿದ್ದೇವೆ.

ನೀರಿಗೆ ಎದುರಾಗಿ ಒಂದು ಕಲ್ಲುಗೋಡೆಯ ಮರೆಯಲ್ಲಿ ಕೂತು ಡಬ್ಬಿ ಬಿಚ್ಚಿದೆವು. ಗಾಳಿ ತಣ್ಣಗಿತ್ತು. ಅಪ್ಪೆಮಿಡಿ ಕಚ್ಚಿದ ಕೂಡಲೇ ಆ ಸೊನೆಯ ಪರಿಮಳ ಮೂಗಿಗೆ ಹತ್ತಿತು. ಮಗಳು ಊಟ ಅರ್ಧಕ್ಕೆ ನಿಲ್ಲಿಸಿ, ನೀರು ನೋಡುತ್ತ, "ಅಪ್ಪಾ, ನಾನು ವಾಪಸ್ ಬರೋಲ್ಲ ಅನ್ಸತ್ತೆ. ಇಲ್ಲೇ ಇರ್ತೀನಿ. ಅಮ್ಮಂಗೆ ಇನ್ನೂ ಹೇಳಿಲ್ಲ" ಅಂದಳು.

ನಡೆಯೋದಷ್ಟೇ, ಬೇರೇನಿಲ್ಲ ಅಂದಿದ್ದಳಲ್ಲ, ಇದಕ್ಕೇ ಕರೆತಂದದ್ದು ಎಂದು ಆಗ ಹೊಳೆಯಿತು.

ಹೇಳಬೇಕಾದ ಮಾತು ನನ್ನಲ್ಲಿ ಬೇಕಾದಷ್ಟಿತ್ತು. ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆಯನ್ನು ಮಾರಿ ಮೂರು ಕೋಣೆಯದನ್ನು ಕೊಂಡದ್ದು ಅವಳಿಗೋಸ್ಕರ. ಅವಳಮ್ಮನ ಮಂಡಿ. ನಾಳೆ ನಮ್ಮಿಬ್ಬರಲ್ಲಿ ಒಬ್ಬರೇ ಉಳಿದರೆ? ಬಾಯಿಗೆ ಬಂದದ್ದನ್ನು ಆಡುವ ಮೊದಲು ನನಗೆ 1983 ನೆನಪಾಯಿತು. ಬ್ಯಾಂಕಿನ ಕಾಗದ ಹಿಡಿದು, "ಮುಂಬಯಿಗೆ ಹಾಕಿದ್ದಾರೆ" ಎಂದು ನಾನು ಅಪ್ಪಯ್ಯನ ಎದುರು ನಿಂತಿದ್ದೆ. ಎರಡನೇ ಸಲ ಮನೆ ಕಟ್ಟಿ ಸುಸ್ತಾದ ಮನುಷ್ಯ. ದೊಡ್ಡ ಮಗ ತೋಟ ನೋಡಿಕೊಳ್ಳುತ್ತಾನೆ ಎಂದು ನಂಬಿದ್ದವನು. ಕವಳ ಉಗಿದು ಬಂದು ಒಂದೇ ಪ್ರಶ್ನೆ ಕೇಳಿದ: "ಅಲ್ಲಿ ನೀರು ಬರೋದಿಲ್ಲ ಅಲ್ದಾ?"

ಕುಡಿಯುವ ನೀರಲ್ಲ, ಅವನು ಕೇಳಿದ್ದು ಮುಳುಗಿಸುವ ನೀರನ್ನು. "ಇಲ್ಲ ಅಪ್ಪಯ್ಯ" ಎಂದಿದ್ದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಸುರಿದು ಪಟ್ಟಣವೆಲ್ಲ ನೀರಾದಾಗ, ಮೂರು ದಿನ ಬಿಟ್ಟು ಫೋನು ಸಿಕ್ಕಿತು. ಅಪ್ಪಯ್ಯ ಹೇಗಿದ್ದೀ ಎಂದು ಕೇಳಲಿಲ್ಲ. "ಎಲ್ಲೀವರೆಗೆ ಬಂತು?" ಎಂದ. ಎರಡನೇ ಮೆಟ್ಟಿಲು ಎಂದೆ. "ಹಾಗಾದ್ರೆ ಅಡ್ಡಿಲ್ಲ" ಎಂದು ಫೋನು ಇಟ್ಟ. ಅವನು ಹೋಗಿ ಈಗ ಹದಿನೈದು ವರ್ಷದ ಮೇಲಾಯಿತು.

ಮಗಳು ಕಾಯುತ್ತಿದ್ದಳು. ಡಬ್ಬಿಯ ಮುಚ್ಚಳ ಹಾಕುತ್ತ ನಾನೆಂದೆ: "ಇಲ್ಲಿ ಮನೆ ತಗೊಳ್ಳೋದಾದ್ರೆ ಎತ್ತರದ ಜಾಗ ನೋಡಿ ತಗೋ ಪುಟ್ಟಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಕಣ್ಣೊರೆಸಿಕೊಂಡು ನಗಲಿಕ್ಕೆ ಶುರುಮಾಡಿದಳು. ನನಗೆ ನಗು ಬರಲಿಲ್ಲ, ಆದರೆ ಎದೆಯಲ್ಲಿ ಕಟ್ಟಿದ್ದೇನೋ ಸ್ವಲ್ಪ ಸಡಿಲವಾಯಿತು. ಅಪ್ಪಯ್ಯನನ್ನು ಯಾರೂ ಕೇಳಲಿಲ್ಲ, ನೀರು ಬಂತು, ಹೊರಟ. ನಾನು ಹೊಟ್ಟೆಪಾಡಿಗೆ ಹೊರಟೆ. ಇವಳು ತನಗೆ ಬೇಕೆಂದು ಇರುತ್ತಾಳೆ. ಮೂರು ತಲೆಮಾರಿನಲ್ಲಿ ಅಷ್ಟಾದರೂ ಸುಧಾರಿಸಿತಲ್ಲ ಎಂದುಕೊಂಡೆ. ಸಮಾಧಾನಕ್ಕೆ ಹೇಳಿಕೊಂಡದ್ದೂ ಇರಬಹುದು.

ವಾಪಸು ಇಳಿಯುವಾಗ ಆರು ಗಂಟೆ. ಮೇ ತಿಂಗಳಲ್ಲಿ ಅಲ್ಲಿ ಒಂಬತ್ತಾದರೂ ಸೂರ್ಯ ಮುಳುಗುವುದಿಲ್ಲ, ಆದ್ದರಿಂದ ಅವಸರವಿರಲಿಲ್ಲ. ತಡಬೆಯ ಹತ್ತಿರ ಮಗಳು ಮೊದಲು ದಾಟಿ ಕೈಕೊಟ್ಟಳು. ನನಗೆ ಕೈ ಬೇಕಾಗಿರಲಿಲ್ಲ, ಆದರೂ ಹಿಡಿದುಕೊಂಡೆ. ಅಮ್ಮನಿಗೆ ನೀನೇ ಹೇಳು, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದು ಒಪ್ಪಂದವಾಯಿತು. ಅವತ್ತು ರಾತ್ರಿ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅದನ್ನು ಬಿಡಿ.

ಮರುದಿನ ತಮ್ಮನಿಗೆ ಫೋನು ಮಾಡಿದೆ. ಬೇಲಿ ಎಲ್ಲಿಗೆ ಬಂತು ಎಂದು ಕೇಳಿದೆ. ಮೂರು ದಿಕ್ಕು ಮುಗಿಯಿತು, ಹಳ್ಳದ ಬದಿ ಒಂದು ಬಾಕಿ ಎಂದ.

"ಅಲ್ಲೊಂದು ತಡಬೆ ಇಡಿಸು ಮಾರಾಯ."

"ಯಾರು ಓಡಾಡ್ತಾರೆ ಅಣ್ಣಯ್ಯ ಈಗ? ಆಚೆ ಕೇರಿಯವರೆಲ್ಲ ಶಿವಮೊಗ್ಗ, ಬೆಂಗಳೂರು ಸೇರಿ ಆಯ್ತು. ಇಬ್ಬರು ಮುದುಕಿಯರು ಇದ್ದಾರೆ ಅಷ್ಟೇ."

"ಅವರಿಗಾದರೂ ಆಯಿತಲ್ಲ. ನಾನು ಬಂದಾಗ ಹಳ್ಳಕ್ಕೆ ಹೋಗೋದು ಹೇಗೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನು ಆನಂದಪುರಕ್ಕೆ ಹೋಗುವುದು ವರ್ಷಕ್ಕೊಮ್ಮೆ, ಹಳ್ಳದ ಕಡೆ ಹೋಗದೆ ಹತ್ತು ವರ್ಷವಾಗಿರಬೇಕು. ಅದು ಅವನಿಗೂ ಗೊತ್ತು. ಆದರೆ ಅದನ್ನು ಹೇಳಲಿಲ್ಲ.

ಊರಲ್ಲಿರುವ ನಿಮ್ಮಲ್ಲಿ ನನ್ನದೂ ಅಷ್ಟೇ ಕೇಳಿಕೆ. ಬೇಲಿ ಹಾಕಿಕೊಳ್ಳಿ, ಬೇಡ ಅನ್ನುವುದಕ್ಕೆ ಹೊರಗಿರುವ ನಮಗೆ ಬಾಯಿಲ್ಲ. ಹಂದಿ ಕಾಯುವವರು ನೀವು. ಒಂದು ಕಡೆ ಕಾಲಿಡಲು ಕಲ್ಲು ಹಾಕಿಡಿ. ಬರುವವರು ಕಡಿಮೆ, ಬಂದರೂ ನಾಲ್ಕು ದಿನ. ಅವರ ಮಕ್ಕಳಿಗಂತೂ ಅದರ ಹೆಸರೂ ಗೊತ್ತಿರುವುದಿಲ್ಲ.

ಡಿಸೆಂಬರಿನಲ್ಲಿ ತಮ್ಮ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಕಲ್ಲುಕಂಬಗಳ ನಡುವೆ ಎರಡು ಜಂಬಿಟ್ಟಿಗೆ ಕಲ್ಲು ಈಚೆ, ಎರಡು ಆಚೆ. ನಾನದನ್ನು ಗ್ಲಾಸ್ಗೋಗೆ ಕಳಿಸಿದೆ. ಅಲ್ಲಿಂದ ಉತ್ತರ ಬಂತು, ಕನ್ನಡ ಅಕ್ಷರದಲ್ಲಿ, ಒಂದೇ ಶಬ್ದ: ತಡಬೆ.